ಹಿಂದಿನ ಸೀಟಿನ ಬಕಲ್ಲು

ಅತ್ತಿಗುಪ್ಪೆಯಲ್ಲಿ ಕಾರಿನ ಸೀಟಿಗೆ ಕವರ್ ಹೊಲಿಯುವವರು ನಾಲ್ಕು ಜನ ಇದ್ದಾರೆ. ಅವರಲ್ಲಿ ಮೂವರಿಗೆ ಕೆಲಸ ಬರುವುದಿಲ್ಲ. ನಾಲ್ಕನೆಯವನು ನಾನು, ಬೈರಯ್ಯ. ಹೀಗೆ ಹೇಳಿದರೆ ಜಂಬ ಅನ್ನುತ್ತಾರೆ, ಅನ್ನಲಿ. ಮೂವತ್ತೊಂದು ವರ್ಷದಿಂದ ಮನೆಯ ಕೆಳಗಿನ ಅಂಗಡಿಯಲ್ಲಿ ರೆಕ್ಸಿನ್ನು, ಸ್ಪಂಜು, ಸೂಜಿ ಇವುಗಳ ಜೊತೆಯೇ ಬಾಳಿದವನು ನಾನು. ನಾನು ಹೊಲಿದ ಸೀಟಿನ ಮೇಲೆ ಕೂತವನು ಮನೆಯ ಸೋಫಾ ಮರೆಯಬೇಕು. ಹಾಗೆ ಮರೆತವರು ವಿಜಯನಗರದಿಂದ ರಾಜಾಜಿನಗರದವರೆಗೂ ಇದ್ದಾರೆ.

ಕೋಪ ನನಗೆ ಮೂಗಿನ ತುದಿಯಲ್ಲೇ. ಆ ಭಾನುವಾರ ಬೆಳಿಗ್ಗೆ ನನಗೆ ಕೋಪ ತರಿಸಿದ್ದು ಒಂದು ಪ್ಲಾಸ್ಟಿಕ್ ಬುಟ್ಟಿ. ಬುಟ್ಟಿ ಅಂದರೆ ಮಗಳು ಸ್ಪಂದನಳಿಗೆ ಸಿಟ್ಟು ಬರುತ್ತಿತ್ತು. ಅದು ಬೇಬಿ ಸೀಟ್. ಕಾರಿನಲ್ಲಿ ಮಗುವನ್ನು ಕೂರಿಸುವುದಕ್ಕೆ.

ಸ್ಪಂದನ ಬಾಣಂತನಕ್ಕೆ ಬಂದು ಐದು ತಿಂಗಳಾಗಿತ್ತು. ಅವಳ ತಾಯಿ ಲತಾ ಆರು ವರ್ಷದ ಹಿಂದೆ ಕಾಯಿಲೆಯಲ್ಲಿ ಹೋದಳು. ಹಾಗಾಗಿ ಬಾಣಂತನದ ಬಾಯಿ ನಮ್ಮವ್ವ ಹನುಮಕ್ಕನದು, ಕೈ ನನ್ನದು. ಎಂಬತ್ಮೂರು ವರ್ಷದ ಅವ್ವ ಮಂಚದ ಮೇಲೆ ಕೂತು ಅಪ್ಪಣೆ ಕೊಡುತ್ತಿದ್ದಳು. ನಾನು ನೀರು ಕಾಯಿಸಿದೆ, ಮೆಣಸಿನ ಸಾರು ಮಾಡಿದೆ, ಸಾಂಬ್ರಾಣಿ ಹೊಗೆ ಹಾಕಿದೆ. ಅರವತ್ತೊಂದನೇ ವಯಸ್ಸಿಗೆ ಬಾಣಂತನ ಕಲಿತ ಗಂಡಸು ನಮ್ಮ ಬೀದಿಯಲ್ಲಿ ನಾನೊಬ್ಬನೇ. ಮೊಮ್ಮಗಳನ್ನು ಚುಕ್ಕಿ ಎಂದು ಕರೆಯುತ್ತೇವೆ. ಅವಳು ನನ್ನ ಎಡ ಭುಜದ ಮೇಲೆ ಮಾತ್ರ ನಿದ್ದೆ ಮಾಡುತ್ತಾಳೆ, ಬಲ ಭುಜ ಒಗ್ಗುವುದಿಲ್ಲ. ಇದನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದೇನೆ.

ಆ ಭಾನುವಾರ ಸಂಜೆ ತಾಯಿ ಮಗು ಇಬ್ಬರೂ ಕೆಂಗೇರಿಯ ಮನೆಗೆ ಹೊರಡಬೇಕಿತ್ತು. ಸೋಮವಾರದಿಂದ ಸ್ಪಂದನಳಿಗೆ ಆಫೀಸು. ಅಳಿಯನಿಗೂ ಕೆಲಸ, ಬೀಗಿತ್ತಿಗೆ ಮಂಡಿ ನೋವು. ಹಗಲು ಮಗುವನ್ನು ನೋಡಿಕೊಳ್ಳುವವರು ಯಾರು? ಅವರ ಮನೆಯ ಹತ್ತಿರ ಒಂದು ಡೇಕೇರ್ ನೋಡಿಟ್ಟಿದ್ದರು. ನನ್ನ ಹೊಟ್ಟೆ ಉರಿದುಹೋಯಿತು. ನಾನು ಬದುಕಿರುವಾಗ ಚುಕ್ಕಿ ಯಾರದೋ ಭುಜದ ಮೇಲೆ ಮಲಗುವುದೇ! ದಿನಾ ಬೆಳಿಗ್ಗೆ ಎಂಟಕ್ಕೆ ಕೆಂಗೇರಿಗೆ ಬಂದು ನನ್ನ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ, ಸಂಜೆ ತಂದು ಬಿಡುತ್ತೇನೆ ಎಂದೆ. ಸ್ಪಂದನ ಎರಡು ದಿನ ಯೋಚನೆ ಮಾಡಿದಳು.

"ಆಯ್ತಪ್ಪ," ಅಂದಳು ಆಮೇಲೆ. "ಆದ್ರೆ ನಿನ್ನ ಕಾರಲ್ಲಿ ಬೇಬಿ ಸೀಟು ಗಟ್ಟಿಯಾಗಿ ಕೂರ್ಬೇಕು. ನೀನೇ ಫಿಟ್ ಮಾಡು, ನಾನು ಅಲ್ಲಾಡ್ಸಿ ನೋಡ್ತೀನಿ. ಅಲ್ಲಾಡಿದ್ರೆ ಡೇಕೇರೇ. ಅವ್ರಿಗೆ ಭಾನುವಾರ ಸಂಜೆ ಒಳಗೆ ಹೇಳ್ಬೇಕು."

ಅಲ್ಲಾಡುವುದಂತೆ! ಸೀಟು ಕೂರಿಸುವುದನ್ನು ನನಗೆ ಹೇಳಿಕೊಡುತ್ತಾಳೆ. ಮೀನಿನ ಮರಿಗೆ ಈಜು ಕಲಿಸಿದ ಹಾಗೆ.

ಬೆಳಿಗ್ಗೆ ಹತ್ತಕ್ಕೆ ಡಬ್ಬ ಬಿಚ್ಚಿದೆ. ಒಳಗೆ ಚಿತ್ರಗಳ ಪುಸ್ತಕವಿತ್ತು. ಅದನ್ನು ಅಲ್ಲೇ ಬಿಟ್ಟೆ. ಅವ್ವ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು.

"ಅದೇನ್ಲಾ, ಕೂಸ್ನ ಹಿಂದುಮುಂದಾಗಿ ಕೂರಿಸ್ತಿಯಾ? ರಸ್ತೆಗೆ ಬೆನ್ನು ಹಾಕ್ಕೊಂಡು ಯಾರಾದ್ರೂ ಹೋಯ್ತಾರಾ?"

"ಹಂಗೇ ಕೂರಿಸ್ಬೇಕು ಅಜ್ಜಿ," ಅಂದಳು ಮಗುವನ್ನು ಎತ್ತಿಕೊಂಡಿದ್ದ ಸ್ಪಂದನ. "ಚುಕ್ಕಿ ಕತ್ತು ಇನ್ನೂ ಎಳೇದು. ಮುಖ ಮುಂದಿದ್ರೆ, ಬ್ರೇಕ್ ಹಾಕಿದಾಗ ತಲೆ ಪೂರ್ತಿ ಮುಂದಕ್ಕೆ ಜೋಲುತ್ತೆ. ಮುಖ ಹಿಂದಕ್ಕಿದ್ರೆ ತಲೆ, ಕತ್ತು, ಬೆನ್ನು ಎಲ್ಲಾನೂ ಸೀಟೇ ಹಿಡ್ಕೊಳ್ಳುತ್ತೆ. ನೀನು ಅಂಗೈಯಲ್ಲಿ ಹಿಡಿಯಲ್ವಾ, ಹಂಗೆ."

"ಅದ್ರ ಮೇಲೆ ಕಟ್ಟೂ ಹಾಕ್ತೀರಾ? ಕೂಸ್ನ? ಕರೂನಾ ಅದು?" ಅವ್ವ ಮುಖ ತಿರುಗಿಸಿದಳು.

ನನ್ನ ಬಿಳಿ ಕಾರಿಗೆ ಹದಿಮೂರು ವರ್ಷ. ಅಂಗಡಿಯ ಮುಂದೆ ನಿಲ್ಲಿಸಿಕೊಂಡು ಗಿರಾಕಿಗಳಿಗೆ ತೋರಿಸುವುದಕ್ಕೆಂದೇ ಅದರ ಹಿಂದಿನ ಸೀಟನ್ನು ಕಂದು ಬಣ್ಣದ ರೆಕ್ಸಿನ್ನಿನಲ್ಲಿ ಕಲಶದಂತೆ ಸಿಂಗರಿಸಿದ್ದೆ. ಒಂದು ಅಂಚೂ ಎದ್ದಿಲ್ಲ, ಒಂದು ನೆರಿಗೆಯೂ ಇಲ್ಲ. ಬೇಬಿ ಸೀಟನ್ನು ಅದರ ಮೇಲಿಟ್ಟೆ. ಜಾರಿತು. ಕೆಳಗೆ ಎರಡು ಇಂಚು ಸ್ಪಂಜು ಕೊಟ್ಟೆ, ಕೂತಿತು. ಆಮೇಲೆ ನೈಲಾನ್ ಪಟ್ಟಿ ತಂದು ಸೀಟಿನ ಬೆನ್ನಿಗೆ ಸುತ್ತಿ, ಲಾರಿಯವರು ಟಾರ್ಪಾಲಿಗೆ ಹಾಕುವ ಗಂಟು ಹಾಕಿ ಬಿಗಿದೆ. ಬೆವರು ಒರೆಸಿಕೊಂಡು ಮಗಳನ್ನು ಕರೆದೆ.

ಸ್ಪಂದನ ಬಂದು ಒಂದೇ ಕೈಯಲ್ಲಿ ಬುಡ ಹಿಡಿದು ಎಳೆದಳು. ಅದು ಬೀಳುವ ಹಲ್ಲಿನ ಹಾಗೆ ಆ ಕಡೆ ಈ ಕಡೆ ಆಡಿತು.

"ಅಪ್ಪ, ಬೆಲ್ಟ್ ಯಾಕೆ ಹಾಕಿಲ್ಲ? ಇದು ಕಾರಿನ ಬೆಲ್ಟಲ್ಲೇ ಕೂರ್ಬೇಕು. ಹಗ್ಗದಲ್ಲಲ್ಲ."

ಬೆಲ್ಟಿನ ಪಟ್ಟಿ ಪಕ್ಕದಲ್ಲಿ ನೇತಾಡುತ್ತಿತ್ತು. ಅದನ್ನು ಸಿಕ್ಕಿಸುವ ಬಕಲ್ ಕಾಣುತ್ತಿರಲಿಲ್ಲ.

"ಬಕಲ್ ಬಿದ್ದೋಗಿದೆ," ಎಂದೆ. "ಹಳೇ ಕಾರು."

"ಸರಿ ಬಿಡಪ್ಪ," ಅಂದಳು. ಜಗಳ ಮಾಡಲಿಲ್ಲ. ಮಗುವಿಗೆ ಹಾಲು ಕುಡಿಸಬೇಕು ಎಂದು ಒಳಗೆ ಹೋದಳು.

ಮಗಳು ಜಗಳ ಮಾಡಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಆ "ಸರಿ ಬಿಡಪ್ಪ" ಮಾತ್ರ ಎದೆಯಲ್ಲಿ ಮುಳ್ಳಾಗಿ ಕೂತಿತು. ಡೇಕೇರಿಗೇ ಎಂದು ಅವಳು ಅಷ್ಟರಲ್ಲೇ ತೀರ್ಮಾನ ಮಾಡಿಬಿಟ್ಟಿದ್ದಳು.

ಬಕಲ್ ಬಿದ್ದುಹೋಗಿರಲಿಲ್ಲ. ಅದು ಎಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಕಸುಬಿನಲ್ಲಿ ಇದು ಮಾಮೂಲು. ಗಿರಾಕಿ ಬಂದು, "ಅಣ್ಣ, ಹಿಂದೆ ಆ ಬಕಲ್‌ಗಳು ಚುಚ್ತವೆ, ಏನಾದ್ರೂ ಮಾಡಿ" ಅನ್ನುತ್ತಾನೆ. ಹಿಂದೆ ಕೂತವರು ಯಾರು ಬೆಲ್ಟ್ ಹಾಕುತ್ತಾರೆ? ಬಕಲ್ಲನ್ನು ಬಗ್ಗಿಸಿ, ಸ್ಪಂಜಿನ ಕೆಳಗೆ ತಳ್ಳಿ, ಮೇಲೆ ಕವರ್ ಎಳೆದು ಹೊಲಿದುಬಿಟ್ಟರೆ ಸೀಟು ಸಪಾಟು. ಕೆಲಸ ಬಾರದ ಮೂವರು ಅಲ್ಲಿ ಸೀಳು ಬಿಡುತ್ತಾರೆ, ಅಸಹ್ಯವಾಗಿ ಕಾಣುತ್ತದೆ. ನಾನು ಬಿಡುವುದಿಲ್ಲ. ನನ್ನ ಕೈಗೆ ಹೆಸರು ಬಂದದ್ದೇ ಹಾಗೆ. ಎಷ್ಟು ಕಾರು ಹೀಗೆ ಹೊಲಿದಿದ್ದೇನೆ ಎಂದು ನಾನು ಯಾವತ್ತೂ ಯೋಚಿಸಿದವನಲ್ಲ.

ಊಟವಾದ ಮೇಲೆ ಮನೆ ನಿಶ್ಶಬ್ದವಾಯಿತು. ತಾಯಿ ಮಗು ಮಲಗಿದ್ದರು. ನಾನು ಕಟ್ಟರ್ ಹಿಡಿದು ಕಾರಿನೊಳಗೆ ಹೋದೆ, ಕವರ್ ಸೀಳಿ ಬಕಲ್ ತೆಗೆದುಬಿಡೋಣ ಎಂದು. ಕೈ ಬರಲಿಲ್ಲ. ಸ್ವಂತ ಹೊಲಿಗೆಗೆ ಬ್ಲೇಡು ಹಾಕುವುದೆಂದರೆ ಹಾಗೇ. ಗಂಟು ಬಿಚ್ಚಿ ಬೇಬಿ ಸೀಟನ್ನೂ ಸ್ಪಂಜನ್ನೂ ಇಳಿಸಿ ಹಿಂದಿನ ಸೀಟಿನ ಮೇಲೆ ಮಲಗಿದೆ. ಚುಕ್ಕಿ ಕೂತರೆ ಅವಳಿಗೆ ಏನು ಕಾಣುತ್ತದೆ ಎಂದು ನೋಡುವ ಆಸೆಯಾಗಿ ಮುಖವನ್ನು ಹಿಂದಿನ ಗಾಜಿನ ಕಡೆ ತಿರುಗಿಸಿಕೊಂಡೆ. ಬೀದಿಯ ಮರದ ಗುಲಾಬಿ ಬಣ್ಣದ ಹೂವುಗಳು ಗಾಜಿನ ಮೇಲೆ ಬಿದ್ದಿದ್ದವು. ದೂರದಲ್ಲಿ ಮೆಟ್ರೋ ಉಸಿರೆಳೆದ ಹಾಗೆ ಹೋಯಿತು. ರೆಕ್ಸಿನ್ನು ಬೆಚ್ಚಗಿತ್ತು. ಕಣ್ಣು ಎಳೆಯಿತು.

ಕಾರು ಹೊರಟಿತು, ಆದರೆ ಅದಕ್ಕೆ ಎತ್ತುಗಳಿದ್ದವು. ಮುಂದೆ ನಮ್ಮಪ್ಪ ರಾಮಯ್ಯ ಹಗ್ಗ ಹಿಡಿದು ಕೂತಿದ್ದ, ಬೆನ್ನಿನಿಂದಲೇ ಗೊತ್ತಾಯಿತು. ನಾನು ನಾಲ್ಕು ವರ್ಷದವನು, ಗಾಡಿಯ ಹಿಂದುಗಡೆ ಕಾಲು ಇಳಿಬಿಟ್ಟು, ರಸ್ತೆಗೆ ಬೆನ್ನು ಹಾಕಿ ಕೂತಿದ್ದೆ. ಅತ್ತಿಗುಪ್ಪೆ ನನ್ನಿಂದ ದೂರ ಹೋಗುತ್ತಿತ್ತು. ಅದೊಂದು ಸುಖ. ಮರ ಬರುವುದು ಕಾಣುವುದಿಲ್ಲ. ಕಿವಿಯ ಪಕ್ಕದಿಂದ ಮೆಲ್ಲಗೆ ಹೊರಟು, ಪೂರ್ತಿ ಮರವಾಗಿ, ಆಮೇಲೆ ಸಣ್ಣದಾಗುತ್ತಾ ರಾಗಿ ಹೊಲದೊಳಗೆ ಕರಗಿಹೋಗುತ್ತದೆ. ಯಾವುದಕ್ಕೂ ಹೆದರಬೇಕಾಗಿಲ್ಲ, ಎಲ್ಲವೂ ಆಗಲೇ ದಾಟಿಹೋಗಿದೆ. ರಾಗಿ ತೆನೆಗಳ ಮೇಲೆ ಮೆಟ್ರೋ ಕಂಬಗಳು ನಿಂತಿದ್ದವು. ನನಗೆ ಅದು ವಿಚಿತ್ರವೆನಿಸಲಿಲ್ಲ. ನನ್ನ ಸೊಂಟಕ್ಕೆ ಏನೋ ಬಿಗಿಯಾಗಿತ್ತು. ನೋಡಿದರೆ ಅವ್ವನ ಹಳೇ ಸೀರೆಯ ಪಟ್ಟಿ, ಗಾಡಿಯ ಗೂಟಕ್ಕೆ ಕಟ್ಟಿತ್ತು.

ಗಾಡಿಯ ಹಿಂದೆ ಕಾರುಗಳು ಬರುತ್ತಿದ್ದವು. ಸದ್ದಿಲ್ಲ, ಧೂಳಿಲ್ಲ. ಎಲ್ಲವೂ ನಾನು ಕವರ್ ಹೊಲಿದ ಕಾರುಗಳು. ಚಂದ್ರಾ ಲೇಔಟಿನ ಜಗನ್ನಾಥ್ ಅವರ ಕೆಂಪು ಕಾರು. ಹಿಂದಿನ ಸೀಟಿನ ಮೇಲೆ ಅವರ ಇಬ್ಬರು ಮೊಮ್ಮಕ್ಕಳು ನಿಂತುಕೊಂಡು ನನಗೆ ಕೈ ಬೀಸಿದರು. ಕೃಷ್ಣಪ್ಪ ಮೇಷ್ಟರ ನೀಲಿ ಕಾರು. ಪ್ರತಿ ಸೀಟಿನೊಳಗೂ ಕುಕ್ಕೆಯ ಕೆಳಗೆ ಮುಚ್ಚಿಟ್ಟ ಕೋಳಿಮರಿಯಂತೆ ಏನೋ ಕುಟ್ಟುತ್ತಿತ್ತು. ಟಕ್, ಟಕ್. ಕೊನೆಯ ಕಾರು ನಮ್ಮದೇ. ಅದರ ಹಿಂದಿನ ಸೀಟಿನಲ್ಲಿ ಲತಾ ಕೂತಿದ್ದಳು, ಹಸಿರು ಸೀರೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ತಲೆ ಬಗ್ಗಿಸಿ ಪಕ್ಕದಲ್ಲಿ ಕೈಯಾಡಿಸುತ್ತಿದ್ದಳು.

"ಏನ್ ಹುಡುಕ್ತಾ ಇದೀಯ?" ಎಂದು ಕೂಗಿದೆ.

"ಇಲ್ಲೇ ಎಲ್ಲೋ ಇತ್ತು ಕಣ್ರೀ," ಅಂದಳು. ಅವಳ ದನಿ ಹತ್ತಿರದಲ್ಲೇ ಕೇಳಿಸಿತು. ಕಾರು ಮಾತ್ರ ಸಣ್ಣದಾಗುತ್ತಾ ಆಗುತ್ತಾ ರಾಗಿಯೊಳಗೆ ಹೋಯಿತು.

ಎಚ್ಚರವಾದಾಗ ಪಕ್ಕೆಗೆ ಏನೋ ಒತ್ತುತ್ತಿತ್ತು. ಇಷ್ಟು ವರ್ಷ ಅದೇ ಸೀಟು ಸಪಾಟು ಎಂದು ಎದೆ ತಟ್ಟಿಕೊಂಡು ಹೇಳಿದವನು ನಾನು. ಮಲಗಿದವನ ಪಕ್ಕೆಗೆ ಮಾತ್ರ ನಿಜ ತಿಳಿಯುತ್ತದೆ. ಬೆರಳಿನಿಂದ ತಡವಿದೆ. ಸ್ಪಂಜಿನ ಅಡಿಯಲ್ಲಿ, ಬೆಂಕಿಪೊಟ್ಟಣದಷ್ಟು ಗಟ್ಟಿ. ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಂಡೆ. ಕಟ್ಟರ್ ತೆಗೆದು ಒಂದೇ ಗೆರೆಯಲ್ಲಿ ಸೀಳಿದೆ.

ಬಕಲ್ ಹೊಸದರ ಹಾಗೆ ಹೊಳೆಯುತ್ತಿತ್ತು. ಹದಿಮೂರು ವರ್ಷದಲ್ಲಿ ಒಂದು ದಿನವೂ ಬೆಳಕು ಕಂಡಿರಲಿಲ್ಲ.

ಆಮೇಲೆ ಡಬ್ಬದ ಹತ್ತಿರ ಹೋಗಿ, ಅಲ್ಲೇ ಬಿಟ್ಟಿದ್ದ ಪುಸ್ತಕ ತಂದು, ಕನ್ನಡಕ ಹಾಕಿಕೊಂಡು ಕೂತೆ. ಚಿತ್ರ ನೋಡುತ್ತಾ ಹೋದೆ. ಸ್ಪಂಜನ್ನು ಪಕ್ಕಕ್ಕೆ ಬಿಸಾಡಿ, ಬೇಬಿ ಸೀಟನ್ನು ಮತ್ತೆ ಮೇಲಿಟ್ಟೆ. ಬೇಬಿ ಸೀಟಿನ ಕೆಳಗೆ ಮೆತ್ತಗಿನದು ಏನೂ ಇರಬಾರದಂತೆ, ಅದು ಕುಗ್ಗಿದಾಗ ಬೆಲ್ಟು ಸಡಿಲವಾಗುತ್ತದೆ. ಬೆಲ್ಟನ್ನು ಉದ್ದಕ್ಕೆ ಎಳೆದು, ತಿರುಚದಂತೆ ಸವರಿ, ಸೊಂಟದ ಪಟ್ಟಿಯನ್ನು ನೀಲಿ ಗುರುತಿನ ಎರಡು ಕೊಕ್ಕೆಗಳ ಕೆಳಗೆ ತೂರಿಸಿದೆ. ಬಕಲ್ಲಿಗೆ ಒತ್ತಿದಾಗ ಟಕ್ ಎಂದಿತು. ಭುಜದ ಪಟ್ಟಿಯನ್ನು ಬೇಬಿ ಸೀಟಿನ ಬೆನ್ನ ಹಿಂದಿನಿಂದ ಸುತ್ತಿ ತಂದು ಅಲ್ಲಿದ್ದ ನೀಲಿ ಕೊಕ್ಕೆಗೆ ಸಿಕ್ಕಿಸಿದೆ. ಒಂದು ಕೈಯಿಂದ ಸೀಟನ್ನು ಭಾರ ಹಾಕಿ ಅದುಮಿ, ಇನ್ನೊಂದು ಕೈಯಿಂದ ಸಡಿಲ ಇದ್ದಷ್ಟನ್ನೂ ಎಳೆದೆ. ಮತ್ತೆ ಅದುಮಿದೆ, ಮತ್ತೆ ಎಳೆದೆ. ಪಕ್ಕದಲ್ಲಿ ಒಂದು ಗೆರೆಯಿತ್ತು, ಅದು ನೆಲಕ್ಕೆ ಸಮನಾಗಿದ್ದರೆ ಮಗುವಿನ ತಲೆ ಎದೆಗೆ ಬೀಳುವುದಿಲ್ಲವಂತೆ. ಸಮನಾಗಿತ್ತು. ಬೆಲ್ಟು ಹಾದುಹೋಗುವ ಜಾಗದಲ್ಲೇ ಹಿಡಿದು ಅಲ್ಲಾಡಿಸಿದೆ. ಒಂದು ಇಂಚು ಕೂಡ ಆಡಲಿಲ್ಲ. ಬದಲಿಗೆ ಕಾರೇ ಅಲ್ಲಾಡಿತು.

ಸೀಳಿದ ಜಾಗಕ್ಕೆ ಅಂಚು ಮಡಚಿ, ಕೈ ಹೊಲಿಗೆ ಹಾಕಿ ಮುಗಿಸಿದೆ. ಎಷ್ಟು ನೀಟಾಗಿ ಬಂತೆಂದರೆ ಮೊದಲಿನಿಂದಲೂ ಹಾಗೇ ಇತ್ತು ಅನ್ನಬೇಕು. ಹಾಗೆ ಅನ್ನಲಿ ಎಂದೇ ಹೊಲಿದೆ. ಸುಳ್ಳು ಯಾಕೆ?

ಅವ್ವ ಮತ್ತೆ ಬಾಗಿಲಿಗೆ ಬಂದಳು.

"ಅವ್ವ, ನನ್ನ ಚಿಕ್ಕೋನಿದ್ದಾಗ ಗಾಡೀಲಿ ಕಟ್ಟಾಕ್ತಿದ್ಯಾ?"

"ಕಟ್ದೆ ಇನ್ನೇನ್ಲಾ? ಕೋತಿ ಇದ್ದಂಗಿದ್ದೆ. ಗೂಟಕ್ಕೆ ಕಟ್ಟೇ ನಿಮ್ಮಪ್ಪನ ಜೊತೆ ಕಳಿಸ್ತಿದ್ದದ್ದು."

"ಕರೂನಾ ನಾನು?"

ಅವ್ವ ಬೇಬಿ ಸೀಟಿನ ಕಡೆ ಕೈ ತೋರಿಸಿದಳು. "ನೆಟ್ಟಗೆ ಕಟ್ಟು ಮತ್ತೆ," ಅಂದಳು. "ನಾಕೂವರೆಗೆ ರಾಹುಕಾಲ ಹುಟ್ಟುತ್ತೆ. ಅಷ್ಟ್ರೊಳಗೆ ಹೊಸಿಲು ದಾಟ್ಬೇಕು."

ನಾಲ್ಕು ಗಂಟೆಗೆ ಸ್ಪಂದನ ಬಂದಳು. ಬುಡ ಹಿಡಿದು ಎಡಕ್ಕೆ ಎಳೆದಳು, ಬಲಕ್ಕೆ ಎಳೆದಳು. ಎರಡು ಕೈ ಹಾಕಿದಳು. ಅವಳ ಮುಖ ಅರಳಿತು. ಎಸ್ಸೆಸ್ಸೆಲ್ಸಿ ಪಾಸಾದ ದಿನ ಅರಳಿತ್ತಲ್ಲ, ಹಾಗೆ.

"ಅಪ್ಪಾ! ಕಲ್ಲು ಕೂತಂಗೆ ಕೂತಿದೆ. ಬಕಲ್ ಎಲ್ಲಿ ಸಿಕ್ತು?"

"ಹೊಸದು ಹಾಕ್ದೆ," ಎಂದೆ. ಬೆಳಿಗ್ಗೆಯ ಸುಳ್ಳಿಗೆ ಒಬ್ಬ ತಮ್ಮ ಹುಟ್ಟಿದ.

ಮಗುವನ್ನು ಕೂರಿಸಿದೆವು. ಅವ್ವ ತನ್ನ ಸೀರೆಗಳಿಂದ ಹೊಲಿದ ಕೌದಿಯನ್ನು ಅಡಿಗೆ ಹಾಸಲು ಬಂದಳು. ಸ್ಪಂದನ ಬೇಡವೆಂದು, ಮೊದಲು ಭುಜದ ಪಟ್ಟಿಗಳನ್ನು ಬಿಗಿಮಾಡಿ, ಬೆರಳಲ್ಲಿ ಚಿವುಟಿ ಎತ್ತುವಷ್ಟೂ ಸಡಿಲ ಉಳಿದಿಲ್ಲ ಎಂದು ನೋಡಿಕೊಂಡು, ಆಮೇಲೆ ಕೌದಿಯನ್ನು ಕಾಲಿನ ಮೇಲೆ ಹೊದಿಸಿದಳು. ಚುಕ್ಕಿ ಹಿಂದಿನ ಗಾಜಿನ ಮೇಲಿನ ಹೂವುಗಳನ್ನು ನೋಡುತ್ತಾ ಬಾಯಿ ತೆರೆದಳು. ಅವ್ವ ಆರತಿ ಎತ್ತಿ, ಕಾಡಿಗೆ ಬೊಟ್ಟು ಸರಿಮಾಡಿ, ದೃಷ್ಟಿ ನೀವಾಳಿಸಿದಳು. ನಾಲ್ಕೂ ಇಪ್ಪತ್ತಾಗಿತ್ತು.

ಸ್ಪಂದನ ಮಗುವಿನ ಪಕ್ಕದಲ್ಲಿ ಕೂತಳು. ಬಾಗಿಲು ಹಾಕಿಕೊಂಡು ತನ್ನ ಬೆಲ್ಟ್ ಎಳೆದಳು. ಆಮೇಲೆ ತಲೆ ಬಗ್ಗಿಸಿ ಪಕ್ಕದಲ್ಲಿ ಕೈಯಾಡಿಸತೊಡಗಿದಳು.

 ಒಂದು ಸೀಳು ಹಾಕಿದ್ದೆ, ಮಗುವಿನ ಜಾಗದಲ್ಲಿ ಮಾತ್ರ. ಇವಳದು ನೆನಪಾಗಿಯೇ ಇರಲಿಲ್ಲ. ಮಧ್ಯಾಹ್ನದಿಂದಲ್ಲ, ಅವಳು ಹುಟ್ಟಿದಾಗಿನಿಂದಲೂ ಇಲ್ಲ.

"ಇಲ್ಲೂ ಬಿದ್ದೋಗಿದೆಯಾ ಅಪ್ಪ? ಪರ್ವಾಗಿಲ್ಲ ಬಿಡು, ಹಿಂದೆ ತಾನೇ. ಹೊರಡು, ರಾಹುಕಾಲ ಬರುತ್ತೆ."

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಸೋಮವಾರದಿಂದ ಚುಕ್ಕಿ ನನ್ನ ಭುಜದ ಮೇಲಿರುತ್ತಿದ್ದಳು. ಇನ್ನೂ ಡೇಕೇರಿಗೆ ಫೋನ್ ಮಾಡಿರಲಿಲ್ಲ. ನಿಜ ಹೇಳಿದರೆ ಎಲ್ಲವೂ ಕೈತಪ್ಪುತ್ತದೆ ಎಂದು ಗೊತ್ತಿತ್ತು. ಬಾಗಿಲು ತೆಗೆದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತೆ.

"ಬಿದ್ದೋಗಿಲ್ಲ ಕಣಮ್ಮ. ನಾನೇ ಒಳಗೆ ಹಾಕಿ ಹೊಲ್ದಿದೀನಿ. ಚುಕ್ಕೀದೂ ಹೊಸದಲ್ಲ, ಸೀಳಿ ತೆಗ್ದೆ. ಎಲ್ಲಾ ಕಾರಲ್ಲೂ ಹಂಗೇ ಮಾಡಿದೀನಿ. ನೋಡೋಕೆ ಚೆನ್ನಾಗಿರ್ಲಿ ಅಂತ."

 ನಾನು ತಲೆ ಎತ್ತಲಿಲ್ಲ.

"ಬೆಳಿಗ್ಗೆ ಯಾಕೆ ಸುಳ್ಳು ಹೇಳ್ದೆ?"

"ನಾಚಿಕೆ ಆಯ್ತು."

ಅವ್ವ ಬಾಗಿಲಿಂದ ಕೂಗಿದಳು, ಟೈಮಾಯ್ತು ಎಂದು. ಸ್ಪಂದನ ಮಗುವಿನ ಕಡೆ ನೋಡಿದಳು, ಆ ನೀಟಾದ ಸೀಳಿನ ಕಡೆ ನೋಡಿದಳು. "ಕಟ್ಟರ್ ತಗೊಂಡು ಬಾ," ಅಂದಳು.

"ರಾಹುಕಾಲ..."

"ಹೊಸಿಲು ದಾಟಿ ಆಯ್ತಲ್ಲ," ಅಂದಳು ಅವ್ವ, ಏನಾಗುತ್ತಿದೆ ಎಂದು ಅರ್ಥ ಮಾಡಿಕೊಂಡವಳಂತೆ. "ಇನ್ಯಾವ ರಾಹುಕಾಲ. ಕುಯ್ಯಿ."

ಈ ಸಲ ಅಂಚು ಮಡಚಲಿಲ್ಲ. ರೆಕ್ಸಿನ್ನು ಬಾಯಿ ಬಿಟ್ಟುಕೊಂಡಿತು, ಸ್ಪಂಜು ಹೊರಗೆ ಬಂತು. ಕೆಲಸ ಬಾರದ ಮೂವರಲ್ಲಿ ಒಬ್ಬ ಮಾಡಿದ ಹಾಗಿತ್ತು. ಬಕಲ್ಲನ್ನು ಎಳೆದು ಹೊರಗೆ ನಿಲ್ಲಿಸಿದೆ. ಅವಳು ಕೈ ಚಾಚಲಿಲ್ಲ, ಕೂತೇ ಇದ್ದಳು. ನಾನೇ ಬೆಲ್ಟ್ ಹಿಡಿದು ಅವಳ ಎದೆಯ ಮೇಲಿಂದ ತಂದು, ಹೊಟ್ಟೆಯ ಕೆಳಗೆ ಸರಿಮಾಡಿ ಸಿಕ್ಕಿಸಿದೆ. ಇಪ್ಪತ್ತೊಂಬತ್ತು ವರ್ಷದ ಮಗಳಿಗೆ ನಾನು ಹಾಕಿದ ಮೊದಲ ಬೆಲ್ಟು ಅದು.

"ಅಪ್ಪ, ನಾನು ಚುಕ್ಕಿ ಥರ ಇದ್ದಾಗ ಕಾರಲ್ಲಿ ಎಲ್ಲಿ ಕೂರ್ತಿದ್ದೆ?"

"ನನ್ನ ತೊಡೆ ಮೇಲೆ. ಗಿರಾಕಿಗಳ ಕಾರಲ್ಲಿ, ಸ್ಟೀರಿಂಗ್ ಮುಂದೆ."

"ಭಯ ಆಗ್ತಿರ್ಲಿಲ್ವಾ ನಿಂಗೆ?"

"ಇಲ್ಲ," ಎಂದೆ. ಬೆಲ್ಟಿನ ಪಟ್ಟಿ ಇನ್ನೂ ನನ್ನ ಕೈಯಲ್ಲೇ ಇತ್ತು. "ಈಗ ಆಗ್ತಾ ಇದೆ."

ಸ್ಪಂದನ ನನ್ನ ಕೈಯಿಂದ ಪಟ್ಟಿ ಬಿಡಿಸಿಕೊಂಡಳು. ಆಮೇಲೆ ಬ್ಯಾಗಿನಿಂದ ಫೋನ್ ತೆಗೆದು ಕಿವಿಗಿಟ್ಟುಕೊಂಡಳು.

"ಮೇಡಂ, ಸ್ಪಂದನ ಮಾತಾಡ್ತಿರೋದು. ನಮ್ಮ ಮಗು ಬರಲ್ಲ ಮೇಡಂ. ನಮ್ಮಪ್ಪ ನೋಡ್ಕೊಳ್ತಾರೆ."